ಹಾವೇರಿಯಿಂದ ಕಾರವಾರಕ್ಕೆ: ಯುದ್ಧನೌಕೆ, ವಿಮಾನ, ಕೋಟೆಯನ್ನು ಮಕ್ಕಳಿಗೆ ತೋರಿಸುವ ಬಗೆ

ಈ ಪ್ರವಾಸಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಹಗ್ಗ. 13 ಮೀಟರ್ ಉದ್ದದ್ದು. ಬಾವಿ ಹಗ್ಗದಷ್ಟು ದಪ್ಪ ಬೇಡ, ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಸಾಕು. ದೊಡ್ಡವರ ಕಬಡ್ಡಿ ಅಂಕಣದ ಉದ್ದವೂ 13 ಮೀಟರ್. ಶಾಲೆಯ ಮೈದಾನದಲ್ಲಿ ಮಕ್ಕಳ ಕೈಯಲ್ಲೇ ಅಳೆಸಿ, ಕತ್ತರಿಸಿ, ಎರಡೂ ತುದಿಗೆ ಗಂಟು ಹಾಕಿಸಿ. ಯಾಕೆ ಅಂತ ಆಗಲೇ ಹೇಳಬೇಡಿ.

ನಾನು ಹಾವೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಬಾಯಲ್ಲಿ ನಾನು 'ಅಕ್ಕೋರು'. ಒಂಬತ್ತನೇ ಕ್ಲಾಸಿನವರನ್ನು ಕರೆದುಕೊಂಡು ಇದುವರೆಗೆ ಆರು ಸಲ ಕಾರವಾರಕ್ಕೆ ಹೋಗಿದ್ದೇನೆ. ಮೊದಲನೇ ಸಲ ಹೋದದ್ದು ಬರೀ ಓಡಾಟವಾಯಿತು. ಮಟಮಟ ಮಧ್ಯಾಹ್ನ ಮುಟ್ಟಿದೆವು. ಹಡಗಿನ ಕಬ್ಬಿಣ ಕಾದ ಹಂಚಿನ ಹಾಗಿತ್ತು. ಒಬ್ಬ ಹುಡುಗ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡ. ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು, ಅರ್ಧ ಗಂಟೆಯಲ್ಲಿ ಹೊರಗೆ ಬಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, ಏನು ನೋಡಿದಿರಿ ಅಂತ. "ಹಡಗ ನೋಡಿದ್ವಿರೀ" ಅಂದರು. ಮುಂದೆ ಮಾತಿಲ್ಲ. ಅಷ್ಟು ದೂರ ಹೋಗಿ, ಮನೆಯವರಿಂದ ಅಷ್ಟು ದುಡ್ಡು ತರಿಸಿ, ಇಷ್ಟೇನಾ ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲಿನ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಬದಲಿಸುತ್ತ ಬಂದೆ. ಈಗ ನಾವು ಹೋಗುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯವರಿಗಷ್ಟೇ ಅಲ್ಲ, ಮನೆಯ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೂ ಇದೇ ದಾರಿ ಆಗುತ್ತದೆ.

ಹೊರಡುವ ಮುಂಚಿನ ವಾರ

ಕಾರವಾರದ ಕಥೆಯನ್ನು ಹಾವೇರಿಯಿಂದಲೇ ಶುರು ಮಾಡಿ. ಅದಕ್ಕೆ ನಮಗೊಂದು ದೊಡ್ಡ ಕಾರಣವಿದೆ. ಪರಮವೀರ ಚಕ್ರ ಪಡೆದ ರಾಮ ರಾಘೋಬಾ ರಾಣೆ ಹುಟ್ಟಿದ್ದು ಹಾವೇರಿಯಲ್ಲಿ, 1918ರ ಜೂನ್ 26ರಂದು. ಆಗ ಹಾವೇರಿ ಧಾರವಾಡ ಜಿಲ್ಲೆಯಲ್ಲಿತ್ತು. ತಂದೆ ಪೊಲೀಸ್ ಪೇದೆ, ಊರು ಕಾರವಾರದ ಪಕ್ಕದ ಚೆಂಡಿಯಾ. ವರ್ಗಾವಣೆ ಆದಲ್ಲೆಲ್ಲ ಸಂಸಾರವೂ ಹೋಗುತ್ತಿತ್ತು. ಹಾಗಾಗಿ ರಾಣೆ ಅವರ ಓದು ಒಂದೇ ಶಾಲೆಯಲ್ಲಿ ನೆಟ್ಟಗೆ ಸಾಗಲಿಲ್ಲ. ನನ್ನ ಕ್ಲಾಸಿನಲ್ಲಿ ಪೊಲೀಸರ ಮಕ್ಕಳು, ಲೈನ್‌ಮನ್ ಮಕ್ಕಳು ಇದ್ದಾರೆ. ವರ್ಷದ ನಡುವೆ ಶಾಲೆ ಬಿಟ್ಟು ಹೋಗುವುದು ಏನು ಅಂತ ಅವರಿಗೆ ಗೊತ್ತು. ಈ ಮಾತು ಹೇಳುವಾಗ ಆ ಮಕ್ಕಳು ತಲೆ ಎತ್ತಿ ನೋಡುತ್ತಾರೆ.

ರಾಣೆ 1940ರಲ್ಲಿ ಸೇನೆಗೆ ಸೇರಿದರು. ಬಾಂಬೆ ಸ್ಯಾಪರ್ಸ್, ಅಂದರೆ ರಸ್ತೆ, ಸೇತುವೆ ಮಾಡುವ, ನೆಲಬಾಂಬ್ ತೆಗೆಯುವ ಪಡೆ. 1948ರ ಏಪ್ರಿಲ್‌ನಲ್ಲಿ ಕಾಶ್ಮೀರದ ನೌಶೇರಾದಿಂದ ರಜೌರಿಗೆ ನಮ್ಮ ಸೈನ್ಯ ಹೋಗಬೇಕಿತ್ತು. ರಸ್ತೆ ತುಂಬ ಶತ್ರುಗಳು ಹೂತಿಟ್ಟ ನೆಲಬಾಂಬ್. ಅಡ್ಡಕ್ಕೆ ಕಡಿದು ಉರುಳಿಸಿದ ಮರಗಳು. ಮೇಲಿಂದ ಗುಂಡಿನ ಮಳೆ. ಮೊದಲ ದಿನವೇ ರಾಣೆ ಗಾಯಗೊಂಡರು. ಆದರೂ ಏಪ್ರಿಲ್ 8ರಿಂದ 11ರವರೆಗೆ ದಾರಿ ಬಿಡಿಸುತ್ತ ಹೋದರು. ಒಂದು ಕಡೆ ಅವರು ಟ್ಯಾಂಕಿನ ಅಡಿಯಲ್ಲೇ ತೆವಳುತ್ತ ಮುಂದೆ ಸಾಗಿದರು. ಮೇಲೆ ಕೂತ ಚಾಲಕನಿಗೆ ಅವರು ಕಾಣುವುದಿಲ್ಲ, ಕೂಗಿದರೆ ಕೇಳುವುದಿಲ್ಲ. ಹಗ್ಗ ಎಳೆದು 'ನಡೆ', 'ನಿಲ್ಲು' ಅಂತ ತಿಳಿಸುತ್ತಿದ್ದರು.

ಇದನ್ನು ಓದಿ ಹೇಳಿದರೆ ಸಾಲದು. ಕ್ಲಾಸಿನಲ್ಲಿ ಮಾಡಿಸಿ. ನಾನು ಎರಡು ಬೆಂಚ್ ಜೋಡಿಸುತ್ತೇನೆ. ಒಬ್ಬಳು ಬೆಂಚಿನ ಅಡಿಯಲ್ಲಿ ಹೊಟ್ಟೆ ಮೇಲೆ ಮಲಗುತ್ತಾಳೆ. ಇನ್ನೊಬ್ಬ ಮೇಲೆ ಕಣ್ಣು ಮುಚ್ಚಿ ಕೂರುತ್ತಾನೆ, ಎರಡೂ ಕೈಗೆ ಒಂದೊಂದು ದಾರ. ಎಡದ ದಾರ ಎಳೆದರೆ ನಿಲ್ಲು, ಬಲದ್ದು ಎಳೆದರೆ ನಡೆ. ನೆಲದ ಮೇಲೆ ಅಲ್ಲಲ್ಲಿ ಸೀಮೆಸುಣ್ಣ ಇಡುತ್ತೇನೆ, ಅವೇ ನೆಲಬಾಂಬ್. ನಾಲ್ಕು ಹುಡುಗರು ಬೆಂಚನ್ನು ಮೆಲ್ಲಗೆ ಎತ್ತಿ ಸರಿಸುತ್ತಾರೆ. ಉಳಿದವರು ಬಾಯಲ್ಲಿ ಎಂಜಿನ್ ಸದ್ದು ಮಾಡಬೇಕು, ಆಗಲೇ ಕೂಗಿದ್ದು ಕೇಳುವುದಿಲ್ಲ. ಹೋದ ವರ್ಷ ಅಡಿಯಲ್ಲಿದ್ದ ಹುಡುಗಿ ಎರಡು ನಿಮಿಷಕ್ಕೇ ಬೆವತು ಹೊರಗೆ ಬಂದಳು. "ಅಕ್ಕೋರ, ಮೇಲಿನಾವ ದಾರ ತಪ್ಪಿ ತಿಳ್ಕೊಂಡ್ರ ನಾ ಸತ್ತೇನ್ರಿ" ಅಂದಳು. ಆಮೇಲೆ ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ.

ಇನ್ನೊಂದು ತಯಾರಿ ನಿಮ್ಮ ಊರಿನಲ್ಲೇ ಇದೆ. ನಮ್ಮ ಜಿಲ್ಲೆಯಲ್ಲಿ ವೀರಗಲ್ಲಿಗೆ ಬರವಿಲ್ಲ. ಗುಡಿ ಮಗ್ಗುಲಲ್ಲಿ, ಕೆರೆ ಏರಿಯ ಮೇಲೆ, ಕೆಲವು ಕಡೆ ದನ ಕಟ್ಟುವ ಕಲ್ಲಾಗಿಯೂ ನಿಂತಿವೆ. ಒಂದರ ಹತ್ತಿರ ಕರೆದುಕೊಂಡು ಹೋಗಿ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದಬೇಕು. ನಮ್ಮ ಹಿರಿಯರು ಸತ್ತ ಸೈನಿಕನನ್ನು ನೆನಪಿಟ್ಟ ರೀತಿ ಅದು. ಕಾರವಾರದಲ್ಲಿರುವ ರಾಣೆ ಅವರ ಪುತ್ಥಳಿ, ಹಡಗು, ವಿಮಾನ ಇವೆಲ್ಲ ಈಗಿನ ಕಾಲದ ವೀರಗಲ್ಲು ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ಅವರಿಗೆ ಥಟ್ಟನೆ ತಿಳಿಯುತ್ತದೆ.

ಕಾಗದಪತ್ರದ ಕೆಲಸ ಬೇಗ ಮುಗಿಸಿ. ಬಿಇಒ ಕಚೇರಿಯ ಅನುಮತಿ, ಪಾಲಕರ ಒಪ್ಪಿಗೆ ಪತ್ರ, ಸಾರಿಗೆ ಸಂಸ್ಥೆಯ ಒಪ್ಪಂದದ ಬಸ್. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ, ಘಟ್ಟದಲ್ಲಿ ಗುಡ್ಡ ಕುಸಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಹಡಗಿನ ಮ್ಯೂಸಿಯಂ ತೆರೆದಿರುತ್ತದಾ ಅಂತ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ರಜೆ ಇರಬಹುದು, ರಿಪೇರಿ ನಡೆದಿರಬಹುದು. ಒಂದು ಸಲ ಬಾಗಿಲಿಗೆ ಹೋಗಿ ನಿಂತು, ಮುಚ್ಚಿದೆ ಅಂತ ಗೊತ್ತಾಗಿ, ನಲವತ್ತು ಮಕ್ಕಳ ಮುಖ ನೋಡಿದವಳು ನಾನು.

ದಾರಿ

ಬೆಳಿಗ್ಗೆ 5 ಗಂಟೆಗೆ ಬಿಡುತ್ತೇವೆ. ಬಂಕಾಪುರ, ಮುಂಡಗೋಡ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಹುಬ್ಬಳ್ಳಿ, ಧಾರವಾಡ, ಗದಗದವರು ಹುಬ್ಬಳ್ಳಿ ಮೇಲೆ ಬಂದರೆ ಯಲ್ಲಾಪುರದಲ್ಲಿ ಇದೇ ದಾರಿ ಸೇರುತ್ತಾರೆ. ರೈಲು ಹುಡುಕಬೇಡಿ, ಹುಬ್ಬಳ್ಳಿ-ಅಂಕೋಲಾ ರೈಲು ಇನ್ನೂ ಕನಸೇ. ಬುತ್ತಿ ಕಟ್ಟಿಕೊಳ್ಳಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಘಟ್ಟ ಇಳಿಯುವ ಮುಂಚೆ ಹೊಟ್ಟೆ ಬಿರಿಯ ಉಣ್ಣಿಸಬೇಡಿ. ತಿರುವಿನಲ್ಲಿ ಒಬ್ಬರು ವಾಂತಿ ಮಾಡಿದರೆ ಸಾಲು ಹಿಡಿಯುತ್ತದೆ. ಲಿಂಬೆಹಣ್ಣು, ಪ್ಲಾಸ್ಟಿಕ್ ಚೀಲ ಕೈಗೆ ಸಿಗುವಲ್ಲಿ ಇರಲಿ.

ಅರಬೈಲ್ ಬರುವಾಗ ಒಂದು ಮಾತು ಹೇಳಿ. ಇದು ಹತ್ತಿ ಬಂಡಿಗಳ ದಾರಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಅದನ್ನು ಹಡಗಿಗೆ ಏರಿಸಲು ಹತ್ತಿರದ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕವೂ ಇತ್ತು. ಅದಕ್ಕೂ ಮೊದಲು, 1638ರಲ್ಲೇ, ಕಾರವಾರದಲ್ಲಿ ಇಂಗ್ಲಿಷ್ ವ್ಯಾಪಾರಿಗಳ ಕೋಠಿ ತೆರೆದಿತ್ತು. ಅಲ್ಲಿಂದ ಹಡಗು ಹತ್ತುತ್ತಿದ್ದ ಬಟ್ಟೆಯಲ್ಲಿ ಹುಬ್ಬಳ್ಳಿ ಕಡೆಯ ನೇಕಾರರ ಕೈಕೆಲಸವೂ ಇತ್ತು. ಕಾರವಾರ ಅಂದರೆ ಯಾವುದೋ ದೂರದ ಸಮುದ್ರದ ಊರು ಅಂತ ನಮ್ಮ ಮಕ್ಕಳು ತಿಳಿದಿರುತ್ತಾರೆ. ಅದು ನಮ್ಮದೇ ಬಂದರು ಅಂತ ಬಸ್ಸಿನಲ್ಲೇ ಗೊತ್ತಾಗಬೇಕು.

ಅಂಕೋಲಾ ದಾಟಿದ ಮೇಲೆ ಮೊಬೈಲ್ ಒಳಗಿಡಿಸಿ. ಹೆದ್ದಾರಿಯ ಪಕ್ಕದಲ್ಲೇ ನೌಕಾನೆಲೆ ಸಿಗುತ್ತದೆ, ಗೇಟಿನ ಫೋಟೊ ತೆಗೆಯಬಾರದು. ಅದರ ಹೆಸರು ಐಎನ್‌ಎಸ್ ಕದಂಬ. 1986ರಲ್ಲಿ ಅಡಿಗಲ್ಲು ಬಿತ್ತು, 2005ರ ಮೇ 31ರಂದು ನೌಕಾಪಡೆಗೆ ಸೇರಿತು. ವಿಮಾನವಾಹಕ ಹಡಗು ವಿಕ್ರಮಾದಿತ್ಯದ ತವರು ಇದು. 'ಕದಂಬ ಅನ್ನುವ ಹೆಸರು ಎಲ್ಲಿ ಕೇಳಿದ್ದೀರಿ' ಅಂತ ಕೇಳಿ. ಹಾನಗಲ್ ಕಡೆಯ ಮಕ್ಕಳು ಥಟ್ ಅಂತ ಹೇಳುತ್ತಾರೆ, ಅವರ ಊರಿನಲ್ಲೇ ಕದಂಬರ ಒಂದು ಶಾಖೆ ಆಳಿತ್ತು. ಇದನ್ನೂ ಹೇಳಿ: ಈ ನೆಲೆಗಾಗಿ ಇಲ್ಲಿನ ಸಾವಿರಾರು ಕುಟುಂಬ ಮನೆ, ಗದ್ದೆ, ದೋಣಿ ಇಳಿಸುವ ದಂಡೆ ಬಿಟ್ಟುಕೊಟ್ಟವು. ದೇಶದ ಕಾವಲಿಗೆ ಅವರು ಕೊಟ್ಟದ್ದೂ ದೊಡ್ಡದು. ಒಳಗೆ ಸಾಮಾನ್ಯರಿಗೆ ಪ್ರವೇಶವಿಲ್ಲ. ಡಿಸೆಂಬರ್ 4 ನೌಕಾಪಡೆ ದಿನ. ಅದರ ಆಸುಪಾಸು ಕೆಲವು ವರ್ಷ ಹಡಗುಗಳನ್ನು ಜನರಿಗೆ ತೋರಿಸುತ್ತಾರೆ. ಪೇಪರಿನಲ್ಲಿ ಸುದ್ದಿ ಬರುತ್ತದೆ, ಗುರುತಿನ ಚೀಟಿ ಇಟ್ಟುಕೊಂಡಿರಿ.

ಚೆಂಡಿಯಾ ಬೋರ್ಡ್ ಬಂದಾಗ ಬಸ್ ನಿಧಾನ ಮಾಡಿಸುತ್ತೇನೆ. ರಾಣೆ ಅವರ ಊರು. ಮಕ್ಕಳೆಲ್ಲ ಒಂದೇ ಕಡೆಯ ಕಿಟಕಿಗೆ ಮುಗಿಬೀಳುತ್ತಾರೆ.

ಮೊದಲ ದಿನ ಸಂಜೆ ಸದಾಶಿವಗಡ

ಹೋದ ದಿನವೇ ಹಡಗಿಗೆ ಓಡಬೇಡಿ. ಊಟ ಮಾಡಿಸಿ, ವಿಶ್ರಾಂತಿ ಕೊಟ್ಟು, 4 ಗಂಟೆ ಮೇಲೆ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗಿ. ಶಿರಸಿ ಹತ್ತಿರದ ಸೋಂದೆಯ ಅರಸರು ಕಟ್ಟಿಸಿದ ಕೋಟೆ ಇದು. ಬಸವಲಿಂಗ ಅರಸ ತನ್ನ ತಂದೆ ಸದಾಶಿವನ ಹೆಸರಿಟ್ಟ. ಕಟ್ಟಡ ಅಂತ ಉಳಿದಿರುವುದು ಕಡಿಮೆ. ಗುಡ್ಡವನ್ನೇ ಸೀಳಿ ಹೆದ್ದಾರಿ ಹೋಗಿದೆ. ಅಲ್ಲಲ್ಲಿ ಮುರಿದ ಗೋಡೆ, ಪೊದೆ, ದುರ್ಗಾದೇವಿ ಗುಡಿ, ಒಂದು ದರ್ಗಾ. ಚಿತ್ರದುರ್ಗದಂಥ ಕೋಟೆ ಅಂತ ಆಸೆ ಹುಟ್ಟಿಸಿ ಕರೆದೊಯ್ದರೆ ಮಕ್ಕಳು ಬೇಜಾರಾಗುತ್ತಾರೆ. ಕೋಟೆಗಿಂತ ಅದು ನಿಂತ ಜಾಗವನ್ನು ತೋರಿಸಿ.

ಮೇಲೆ ಹೋಗಿ ಸಮುದ್ರದ ಕಡೆ ಮುಖ ಮಾಡಿ ನಿಲ್ಲಿಸಿ. ಕೆಳಗೆ ಕಾಳಿ ನದಿ ಸಮುದ್ರ ಸೇರುತ್ತದೆ. ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು. ಈಗ ಕೇಳಿ: "ನೀವು ಶತ್ರು. ಹಡಗಿನಲ್ಲಿ ಬರ್ತಿದ್ದೀರಿ. ಯಾವ ಕಡೆಯಿಂದ ನುಗ್ಗುತ್ತೀರಿ?" ಹತ್ತು ನಿಮಿಷ ಜಗಳ ಆಗುತ್ತದೆ. ಆಗಲಿ ಬಿಡಿ. ಕೊನೆಗೆ ಅವರೇ ಹೇಳುತ್ತಾರೆ, ಈ ಗುಡ್ಡ ಹಿಡಿಯದೆ ನದಿಯೊಳಗೆ ಹೋಗಲು ಆಗುವುದಿಲ್ಲ ಅಂತ. ಅದಕ್ಕೇ ಇದು ಕೈ ಬದಲಾಗುತ್ತಲೇ ಇತ್ತು. 1752ರಲ್ಲಿ ಪೋರ್ಚುಗೀಸರು ಹಿಡಿದರು, ಆಮೇಲೆ ಸೋಂದೆಗೆ ಮರಳಿತು. 1763ರಲ್ಲಿ ಹೈದರಾಲಿಯ ಪಡೆ ಬಂತು. 1783ರಲ್ಲಿ ಇಂಗ್ಲಿಷರು. ಇಸವಿಗಳನ್ನು ಬಾಯಿಪಾಠ ಮಾಡಿಸಬೇಡಿ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸಲ ಬಾವುಟ ಬದಲಾಯಿತು ಅಂತ ಎಣಿಸಿದರೆ ಸಾಕು.

ದಕ್ಷಿಣಕ್ಕೆ, ಬಿಣಗಾ ಕೊಲ್ಲಿಯ ಆಚೆ, ಅಂಜುದೀವ್ ಅನ್ನುವ ದ್ವೀಪವಿದೆ. ಅಲ್ಲಿಗೆ ಹೋಗಲು ಬಿಡುವುದಿಲ್ಲ, ನೌಕಾನೆಲೆಯ ಭಾಗ. ಆದರೆ ಕಥೆ ಹೇಳದೆ ಬರಬೇಡಿ. 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ತಂಗಿದ್ದ. ನಮಗೆ ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷ ಆದರೂ ಅದು ಪೋರ್ಚುಗೀಸರ ಕೈಯಲ್ಲೇ ಇತ್ತು. 1961ರ ನವೆಂಬರ್ 17ರಂದು ಅಲ್ಲಿಂದ 'ಸಾಬರಮತಿ' ಅನ್ನುವ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಮುಂದಿನ ತಿಂಗಳು ಗೋವಾ ವಿಮೋಚನೆಯ ವೇಳೆ ನಮ್ಮ ನೌಕಾಪಡೆಯವರು ದೋಣಿಯಲ್ಲಿ ಹೋಗಿ ದ್ವೀಪಕ್ಕೆ ಇಳಿದರು. ಬೆಂಬಲಕ್ಕೆ ತ್ರಿಶೂಲ್ ಮತ್ತು ಮೈಸೂರ್ ಅನ್ನುವ ಯುದ್ಧನೌಕೆಗಳು. ದ್ವೀಪ ನಮ್ಮದಾಯಿತು, ಆದರೆ ಏಳು ಮಂದಿ ಸತ್ತರು. ಕಾರವಾರದ ಇಷ್ಟು ಹತ್ತಿರ ನಡೆದ ಈ ಕಾಳಗ ನಮ್ಮ ಎಷ್ಟು ಜನ ದೊಡ್ಡವರಿಗೆ ಗೊತ್ತು? ನಾನೂ ಟೀಚರ್ ಆಗಿ ಎಷ್ಟೋ ವರ್ಷದ ಮೇಲೆ ತಿಳಿದುಕೊಂಡೆ.

ಸೇತುವೆ ಮೇಲೆ ವಾಪಸ್ ಬರುವಾಗ ಮಕ್ಕಳು ಹಳೆ ಸೇತುವೆ ಬಗ್ಗೆ ಕೇಳಿಯೇ ಕೇಳುತ್ತಾರೆ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಅದು ಕುಸಿದು ಒಂದು ಲಾರಿ ನದಿಗೆ ಬಿತ್ತು. ಚಾಲಕನನ್ನು ಬದುಕಿಸಿ ಮೇಲೆ ತಂದರು.

ಎರಡನೇ ದಿನ ಬೆಳಿಗ್ಗೆ ಹಡಗು

ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಮರಳಿನ ಪಕ್ಕದಲ್ಲೇ ನಿಂತಿದೆ ಐಎನ್‌ಎಸ್ ಚಪಲ್, ನೌಕಾಪಡೆಯಿಂದ ನಿವೃತ್ತಿಯಾಗಿ ಈಗ ಮ್ಯೂಸಿಯಂ ಆಗಿರುವ ಕ್ಷಿಪಣಿ ದೋಣಿ. ತೆರೆಯುವ ಹೊತ್ತಿಗೆ ಸರಿಯಾಗಿ ಹೋಗಿ. ಬಿಸಿಲು ಏರುವ ಮುಂಚೆ ಒಳಗೆ ನೋಡಿ ಮುಗಿಸಬೇಕು. ಕಾಲಿಗೆ ಹಿಡಿತ ಇರುವ ಚಪ್ಪಲಿ ಅಥವಾ ಬೂಟು ಇರಲಿ. ಉದ್ದ ಲಂಗ ಹಾಕಿದ ಹುಡುಗಿಯರಿಗೆ ಏಣಿ ಹತ್ತುವುದು ಕಷ್ಟ, ಮೊದಲೇ ಹೇಳಿಬಿಡಿ.

ಒಳಗೆ ಹೋಗುವ ಮುಂಚೆ ಹಗ್ಗ ತೆಗೆಯಿರಿ. ಕಾವಲಿನವರಿಗೆ ಹೇಳಿ ಹಡಗಿನ ಹೊರಗೆ ಉದ್ದಕ್ಕೆ ಹಿಡಿಸಿ. ಒಂದು, ಎರಡು, ಮೂರು. ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ. ಹಡಗಿನ ಉದ್ದ 38.6 ಮೀಟರ್. ಮೂರು ಕಬಡ್ಡಿ ಅಂಕಣ. ಅಗಲ ಒಂದು ಅಂಕಣದಷ್ಟೂ ಇಲ್ಲ. "ಇಷ್ಟ ಏನ್ರೀ?" ಅಂತ ಮಕ್ಕಳು ಕೇಳುತ್ತಾರೆ. ಯುದ್ಧನೌಕೆ ಅಂದರೆ ಊರಿನಷ್ಟು ದೊಡ್ಡದು ಅಂತ ಅವರ ತಲೆಯಲ್ಲಿರುತ್ತದೆ. ಈ ಪ್ರಶ್ನೆ ಬರಲಿ ಅಂತಲೇ ಹಗ್ಗ ತರುವುದು. ಇದರ ಶಕ್ತಿ ಇರುವುದೇ ಸಣ್ಣದಾಗಿರುವುದರಲ್ಲಿ. ಸಣ್ಣದಾದ್ದರಿಂದ ಬೇಗ ಓಡುತ್ತದೆ, ದೂರದಿಂದ ಬೇಗ ಕಾಣುವುದಿಲ್ಲ. ಮೂರು ಡೀಸೆಲ್ ಎಂಜಿನ್. ವೇಗ ಗಂಟೆಗೆ 70 ಕಿಲೋಮೀಟರ್ ಆಸುಪಾಸು, ನಾವು ಬಂದ ಬಸ್ಸಿನಷ್ಟೇ. ಸಮುದ್ರದಲ್ಲಿ ಅದು ಬಹಳ ವೇಗ.

ಹಡಗಿನ ವೇಗವನ್ನು 'ನಾಟ್' ಲೆಕ್ಕದಲ್ಲಿ ಹೇಳುತ್ತಾರೆ. ನಾಟ್ ಅಂದರೆ ಗಂಟು. ಹಿಂದೆ ನಾವಿಕರು ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಇಷ್ಟು ಹೊತ್ತಿನಲ್ಲಿ ಎಷ್ಟು ಗಂಟು ಕೈಜಾರಿ ಹೋದವು ಅಂತ ಎಣಿಸುತ್ತಿದ್ದರು. ಕೈಯಲ್ಲಿ ಹಗ್ಗ ಇದ್ದೇ ಇದೆ, ಅಲ್ಲೇ ತೋರಿಸಿ.

ಈಗ ಡೆಕ್ಕಿನ ಮೇಲಿನ ನಾಲ್ಕು ದೊಡ್ಡ ಉರುಳೆಗಳನ್ನು ನೋಡಿ. ಬಲಕ್ಕೆ ಎರಡು, ಎಡಕ್ಕೆ ಎರಡು. ಅವು ಕ್ಷಿಪಣಿಯ ಗೂಡುಗಳು. ಒಂದೊಂದರಲ್ಲಿ ಒಂದೊಂದು ಕ್ಷಿಪಣಿ. ಸುಮಾರು ಆರು ಮೀಟರ್ ಉದ್ದ, ಎರಡೂವರೆ ಟನ್ ಹತ್ತಿರ ತೂಕ. ನಾಲ್ಕೇ. ಹಾರಿಸಿಯಾದ ಮೇಲೆ ಸಮುದ್ರದ ನಡುವೆ ಮತ್ತೆ ತುಂಬಿಸುವ ಹಾಗಿಲ್ಲ. ಹಿಂದೆ ಮುಂದೆ ಗುಮ್ಮಟದಂಥ ಗೂಡಿನಲ್ಲಿ ಜೋಡಿ ನಳಿಗೆಯ ಫಿರಂಗಿ, 30 ಮಿಲಿಮೀಟರಿನದು. ಅದು ಮೇಲಿಂದ ಬರುವ ವಿಮಾನದಿಂದ ಕಾಪಾಡಿಕೊಳ್ಳಲು.

ಇಲ್ಲಿ ಒಂದು ತಪ್ಪನ್ನು ತಿದ್ದಲೇಬೇಕು. ಚಪಲ್ 1971ರ ಯುದ್ಧದಲ್ಲಿ ಕರಾಚಿ ಮೇಲೆ ದಾಳಿ ಮಾಡಿತ್ತು ಅಂತ ಬಹಳ ಜನ ಹೇಳುತ್ತಾರೆ. ನಾನೂ ಎರಡು ವರ್ಷ ಹಾಗೇ ಹೇಳಿಕೊಟ್ಟಿದ್ದೆ. ಆಮೇಲೆ ಒಬ್ಬ ಹುಡುಗ ನೋಟ್‌ಬುಕ್ ತೋರಿಸಿದ. "ಅಕ್ಕೋರ, ಇದು ನೌಕಾಪಡೆ ಸೇರಿದ್ದ 1976ರಾಗ. 71ರಾಗ ಹೆಂಗ್ ಹೋಗತೈತ್ರಿ?" ಸರಿಯಾದ ಮಾತು. ಚಪಲ್ ನೌಕಾಪಡೆಗೆ ಬಂದದ್ದು 1976ರ ನವೆಂಬರ್‌ನಲ್ಲಿ. ಕರಾಚಿಗೆ ಹೋದವು ಇದರ ಅಕ್ಕಂದಿರು. 1971ರ ಡಿಸೆಂಬರ್ 4ರ ರಾತ್ರಿ ಹೋದ ಮೂರು ದೋಣಿಗಳ ಹೆಸರು ನಿಪಾತ್, ನಿರ್ಘಾತ್, ವೀರ್. ಆಪರೇಷನ್ ಟ್ರೈಡೆಂಟ್ ಅಂತ ಅದರ ಹೆಸರು. ಆ ರಾತ್ರಿಯ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ ಆದದ್ದು. ನಾಲ್ಕು ದಿನ ಬಿಟ್ಟು ವಿನಾಶ್ ಅನ್ನುವ ಇನ್ನೊಂದು ದೋಣಿ ಹೋಗಿ ಕರಾಚಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು.

ಎಲ್ಲವೂ ಸೋವಿಯತ್ ದೇಶದಲ್ಲಿ ಕಟ್ಟಿದ 'ಓಸಾ' ಜಾತಿಯ ದೋಣಿಗಳು. ಓಸಾ ಅಂದರೆ ರಷ್ಯನ್ ಭಾಷೆಯಲ್ಲಿ ಕಣಜದ ಹುಳ. ಹಳೆಯವನ್ನೂ ಚಪಲ್ ಅನ್ನೂ ಬೇರೆ ಮಾಡಿ ಗುರುತಿಸಲು ಒಂದು ಸುಲಭದ ಗುರುತಿದೆ. 1971ರ ದೋಣಿಗಳಲ್ಲಿ ಕ್ಷಿಪಣಿಯ ಗೂಡು ಪೆಟ್ಟಿಗೆಯ ಹಾಗಿತ್ತು. ಚಪಲ್‌ನದು ದುಂಡಗೆ, ಪೈಪಿನ ಹಾಗೆ. ಒಂದು ಹಳೆ ಫೋಟೊದ ಪ್ರಿಂಟ್ ಕೈಯಲ್ಲಿ ಇಟ್ಟುಕೊಂಡು ಹೋಗಿ, ಮಕ್ಕಳೇ ಹೋಲಿಸಿ ಹೇಳುತ್ತಾರೆ. ಇನ್ನೊಂದು ವಿಷಯ. ಈ ದೋಣಿಗಳು ದೂರದ ದಾರಿಗೆ ಮಾಡಿದವಲ್ಲ, ತಮ್ಮ ತೀರ ಕಾಯಲು ಮಾಡಿದವು. ಅದಕ್ಕೇ ಕರಾಚಿಗೆ ಹೋಗುವಾಗ ದೊಡ್ಡ ಹಡಗುಗಳು ಹಗ್ಗ ಕಟ್ಟಿ ದಾರಿಯ ಒಂದಷ್ಟು ದೂರ ಎಳೆದುಕೊಂಡು ಹೋದವು. ಬಂಡಿ ಹೂತರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದನ್ನು ನಮ್ಮ ಮಕ್ಕಳು ನೋಡಿದ್ದಾರೆ. ಅವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಒಳಗೆ ಹತ್ತತ್ತು ಮಕ್ಕಳನ್ನು ಮಾತ್ರ ಬಿಡಿ. ನಲವತ್ತು ಜನ ಒಟ್ಟಿಗೆ ನುಗ್ಗಿದರೆ ಯಾರಿಗೂ ಏನೂ ಕಾಣುವುದಿಲ್ಲ. ಉಳಿದವರು ಹೊರಗೆ ಚಿತ್ರ ಬಿಡಿಸಲಿ. ಬಾಗಿಲುಗಳು ಗಿಡ್ಡ, ಹೊಸ್ತಿಲು ಎತ್ತರ. "ತಲೆ ಬಗ್ಗಿಸು, ಕಾಲು ಎತ್ತು" ಅಂತ ಮುಂದಿದ್ದವರು ಹಿಂದಿದ್ದವರಿಗೆ ಹೇಳುತ್ತ ಹೋಗಬೇಕು. ನೀರು ನುಗ್ಗಿದರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗದಿರಲಿ ಅಂತ ಹೊಸ್ತಿಲು ಹಾಗಿದೆ. ಸಿಬ್ಬಂದಿಯ ಬೊಂಬೆಗಳನ್ನು ಇಟ್ಟಿದ್ದಾರೆ. ಸಣ್ಣವರು ಅವುಗಳ ಮುಂದೆ ನಿಂತುಬಿಡುತ್ತಾರೆ. ಸ್ವಲ್ಪ ನಿಲ್ಲಲಿ, ಆದರೆ ಅಲ್ಲೇ ಹೊತ್ತು ಕಳೆಯಬೇಡಿ.

ನಾನು ಹೊತ್ತು ಕೊಡುವುದು ಮಲಗುವ ಜಾಗಕ್ಕೆ. ಇಷ್ಟು ಸಣ್ಣ ದೋಣಿಯಲ್ಲಿ ಸುಮಾರು 30 ಜನ ಇರುತ್ತಿದ್ದರು. ಮಕ್ಕಳನ್ನು ಮೂರು ನಿಮಿಷ ಸುಮ್ನೆ ನಿಲ್ಲಿಸುತ್ತೇನೆ. ಮಾತಿಲ್ಲ, ಮೊಬೈಲ್ ಇಲ್ಲ. ಸುತ್ತ ಪೈಪು, ವಾಲ್ವು, ತಂತಿ. ತಲೆಗೆ ಒಂದು ಗೇಣು ಮೇಲೆ ಕಬ್ಬಿಣ. ಹಳೆ ಬಣ್ಣದ, ಗ್ರೀಸಿನ ವಾಸನೆ. ಮೂರು ಎಂಜಿನ್ ಒಟ್ಟಿಗೆ ಗುಡುಗುತ್ತಿವೆ, ಅಲೆಗೆ ನೆಲ ಏಳುತ್ತ ಬೀಳುತ್ತ ಇದೆ, ಹೊರಗೆ ಕತ್ತಲೆ ಅಂತ ಕಲ್ಪಿಸಿಕೊಳ್ಳಿ ಅನ್ನುತ್ತೇನೆ. ಒಂದು ಸಲ ಒಬ್ಬ ಹುಡುಗ ಮೆಲ್ಲಗೆ ಕೇಳಿದ, "ಅಕ್ಕೋರ, ಇದರಾಗ ಮಳಿ ಬಂದಿದ್ದ ಗೊತ್ತಾಗ್ತಿತ್ತೇನ್ರಿ?" ರೈತರ ಮನೆಯ ಹುಡುಗ ಅವನು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಮಾನ

ಹಡಗಿನ ಪಕ್ಕದಲ್ಲೇ ಟುಪೊಲೆವ್-142 ಇದೆ. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ಬಿಚ್ಚಿ 2023ರಲ್ಲಿ ರಸ್ತೆ ಮೇಲೆ ತಂದು ಇಲ್ಲಿ ಜೋಡಿಸಿದರು. ಇಂಥ 8 ವಿಮಾನಗಳು ನಮ್ಮ ನೌಕಾಪಡೆಯಲ್ಲಿದ್ದವು. 1988ರಲ್ಲಿ ಬಂದವು, 2017ರ ಮಾರ್ಚ್ 29ರಂದು ನಿವೃತ್ತಿಯಾದವು. ಇನ್ನೊಂದು ವಿಶಾಖಪಟ್ಟಣದಲ್ಲಿ ಇದೇ ರೀತಿ ಮ್ಯೂಸಿಯಂ ಆಗಿದೆ.

ಮತ್ತೆ ಹಗ್ಗ. ಈ ಸಲ ನಾಲ್ಕು ಹಗ್ಗವೂ ಸಾಲದು. ಉದ್ದ ಸುಮಾರು 53 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 50. ಅಂದರೆ ಹಾರುವ ವಿಮಾನ ತೇಲುವ ಹಡಗಿಗಿಂತ ಉದ್ದ! ಇದನ್ನು ಅವರೇ ಅಳೆದು ಕಂಡುಕೊಂಡಾಗ ಆಗುವ ಗದ್ದಲ ಕೇಳಲು ಚೆಂದ.

ಆಮೇಲೆ ಪಂಕದ ಎಲೆಗಳನ್ನು ಎಣಿಸಲು ಹೇಳಿ. ನಾಲ್ಕು ಎಂಜಿನ್. ಪ್ರತಿ ಎಂಜಿನ್ನಿಗೆ ಒಂದರ ಹಿಂದೆ ಒಂದು ಎರಡು ಪಂಕ. ಪ್ರತಿ ಪಂಕಕ್ಕೆ ನಾಲ್ಕು ಎಲೆ. ಒಟ್ಟು 32. ಮುಂದಿನದು ಒಂದು ಕಡೆ ತಿರುಗಿದರೆ ಹಿಂದಿನದು ಅದರ ಉಲ್ಟಾ ತಿರುಗುತ್ತದೆ. ಬಾಲದ ತುದಿಗೂ ಹೋಗಿ ನೋಡಿ. ಅಲ್ಲಿ ಹಿಂದಕ್ಕೆ ಮುಖ ಮಾಡಿ ಒಬ್ಬ ಬಂದೂಕುಗಾರ ಕೂರುವ ಗೂಡಿದೆ. ಗಂಟೆಗಟ್ಟಲೆ, ಮುಂದಿನವರಿಂದ ದೂರ.

ಇದರ ಮುಖ್ಯ ಕೆಲಸ ನೀರಿನ ಅಡಿಯ ಜಲಾಂತರ್ಗಾಮಿ ಹುಡುಕುವುದು. ಮೇಲಿಂದ ಸೊನೊಬಾಯ್ ಅನ್ನುವ ಕೊಳವೆಯಂಥ ಯಂತ್ರಗಳನ್ನು ಸಮುದ್ರಕ್ಕೆ ಬಿಡುತ್ತಾರೆ. ಅವು ನೀರೊಳಗಿನ ಸದ್ದು ಕೇಳಿಸಿಕೊಂಡು ರೇಡಿಯೊದಲ್ಲಿ ವಿಮಾನಕ್ಕೆ ತಿಳಿಸುತ್ತವೆ. ಬಾವಿಯೊಳಗೆ ಕಿವಿ ಇಳಿಬಿಟ್ಟ ಹಾಗೆ ಅಂತ ಹೇಳಿದರೆ ಸಾಕು, ತಿಳಿಯುತ್ತದೆ.

ಕಡಲು

ಶಿಲ್ಪವನ ಪಕ್ಕದಲ್ಲೇ ಇದೆ, ಹೊತ್ತಿದ್ದರೆ ನೋಡಿ. ಟ್ಯಾಗೋರ್ ಇಪ್ಪತ್ತೊಂದು ಇಪ್ಪತ್ತೆರಡರ ಪ್ರಾಯದಲ್ಲಿ ಇಲ್ಲಿಗೆ ಬಂದು ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದರು ಅನ್ನುವುದನ್ನೂ ಹೇಳಿ.

ಆದರೆ ನೀರಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ನಮ್ಮ ಮಕ್ಕಳು ಕೆರೆ ನೋಡಿದವರು, ಕಡಲು ನೋಡಿದವರಲ್ಲ. ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುವ ಅಲೆ ಅವರಿಗೆ ಗೊತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ನೀರುಪಾಲಾದರು. ಆ ಸುದ್ದಿ ಓದಿದ ದಿನ ನನಗೆ ಪಾಠ ಮಾಡಲು ಆಗಲಿಲ್ಲ. ಅಲೆ ಬಂದು ಮುಟ್ಟುವ ಜಾಗಕ್ಕಿಂತ ಹಿಂದೆ ಇದೇ ಹಗ್ಗ ಹಿಡಿದು ಎರಡು ತುದಿಗೆ ಇಬ್ಬರು ದೊಡ್ಡವರು ನಿಲ್ಲಬೇಕು. ಹಗ್ಗ ದಾಟುವಂತಿಲ್ಲ. ಅಳಲಿ, ಬೇಡಿಕೊಳ್ಳಲಿ, ದಾಟುವಂತಿಲ್ಲ. ಬಸ್ ಹತ್ತುವ ಮುಂಚೆ ತಲೆ ಎಣಿಸುವುದು ಎರಡು ಸಲ, ಇಬ್ಬರು ಬೇರೆ ಬೇರೆಯವರು.

ಕೊನೆಗೆ ಪುತ್ಥಳಿ

ಹಡಗಿನ ಮಗ್ಗುಲಲ್ಲೇ ರಾಣೆ ಅವರ ಪುತ್ಥಳಿ ಇದೆ. 2006ರ ನವೆಂಬರ್‌ನಲ್ಲಿ ಇಟ್ಟದ್ದು. ಬರುವ ಜನ ಹಡಗಿಗೆ ಓಡುವ ಅವಸರದಲ್ಲಿ ಅದನ್ನು ದಾಟಿ ಹೋಗುತ್ತಾರೆ. ನಾವು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೇವೆ.

ಹಾವೇರಿ ಅಂದರೆ ಏಲಕ್ಕಿ ಹಾರ ಅಲ್ವಾ? ಮದುವೆಗೆ, ಸನ್ಮಾನಕ್ಕೆ, ಮಂತ್ರಿಗಳ ಕೊರಳಿಗೆ ಎಲ್ಲೆಲ್ಲಿಗೋ ಹೋಗುತ್ತದೆ. ಇಲ್ಲಿಗೆ ಹೋಗಬೇಡವೇ? ಮೂರನೇ ವರ್ಷದಿಂದ ಒಂದು ಸಣ್ಣ ಹಾರ ತೆಗೆದುಕೊಂಡು ಹೋಗುತ್ತಿದ್ದೇವೆ. ದೊಡ್ಡದು ಬೇಡ, ದುಬಾರಿ. ಮಕ್ಕಳೇ ಐದೈದು ಹತ್ತತ್ತು ರೂಪಾಯಿ ಕೂಡಿಸುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೆವತು ವಾಸನೆ ಕೆಡುತ್ತದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ. ಅಲ್ಲಿನವರನ್ನು ಕೇಳಿ, ಅವರು ಒಪ್ಪಿದ ಜಾಗದಲ್ಲಿ ಇಡಿ. ನಾವು ಪುತ್ಥಳಿಯ ಬುಡದಲ್ಲಿ ಇಡುತ್ತೇವೆ.

ಇಡುವುದು ಯಾರು ಅಂತ ಮೊದಲೇ ತೀರ್ಮಾನವಾಗಿರುತ್ತದೆ: ಕ್ಲಾಸಿನಲ್ಲಿ ಬೆಂಚಿನ ಅಡಿ ಮಲಗಿ ದಾರ ಎಳೆದವರು. ಹೋದ ವರ್ಷ ಆ ಹುಡುಗಿ ಹಾರ ಇಟ್ಟು, ಎದ್ದು ನಿಂತು, ಸ್ವಲ್ಪ ಹೊತ್ತು ಮುಖ ನೋಡಿದಳು. ಆಮೇಲೆ ಜೋರಾಗಿ ಹೇಳಿದಳು, "ನಾವು ಹಾವೇರಿಯಿಂದ ಬಂದೀವ್ರಿ." ಹಿಂದೆ ನಿಂತಿದ್ದ ಮೂವತ್ತೊಂಬತ್ತು ಮಕ್ಕಳೂ ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ತಮ್ಮ ಊರ ಹೆಸರು ಹೇಳಿದರು. ಅಗಡಿ, ಕರ್ಜಗಿ, ಗುತ್ತಲ, ಹೊಸರಿತ್ತಿ.